ಹಗುರದ ಹೊತ್ತಿನ ಕೆಲಸ

ನಮ್ಮೂರಿನ ಕಲ್ಲು ದಿನಕ್ಕೊಮ್ಮೆ ಹಗುರಾಗುತ್ತದೆ. ಯಾವಾಗ ಎಂದು ಹೇಳಲು ಬರುವುದಿಲ್ಲ. ಒಮ್ಮೊಮ್ಮೆ ಬೆಳಗಿನ ಚಾ ಮುಗಿಯುವ ಮೊದಲೇ, ಒಮ್ಮೊಮ್ಮೆ ಮಧ್ಯಾಹ್ನ ಉಂಡು ಕೈ ತೊಳೆಯುವಾಗ. ಮನೆಯಲ್ಲಿರುವ ಹೆಂಗಸರಿಗೆ ಅದು ಮೊದಲು ತಿಳಿಯುತ್ತದೆ. ಚಟ್ನಿ ಅರೆಯುತ್ತ ಕೂತವಳ ಕೈಯಲ್ಲಿ ಗುಂಡುಕಲ್ಲು ಬೆಂಡಿನಂತೆ ಮೇಲೇಳುತ್ತದೆ, ಒರಳಿನಲ್ಲಿ ಮೆಣಸಿನಕಾಯಿ ಇದ್ದ ಹಾಗೇ ಇರುತ್ತದೆ. "ಹಗುರ ಬಂತ್ರೇ" ಎಂದು ಅವಳು ಅಂದರೆ ಓಣಿಯ ಕೊನೆಯ ಮನೆಯವರೆಗೂ ಆ ಮಾತು ದಾಟಿಕೊಂಡು ಹೋಗುತ್ತದೆ. ನಮ್ಮ ಅಂಗಡಿಯವರು ತಕ್ಕಡಿಗೆ ಕಲ್ಲಿನ ತೂಕ ಇಡುವುದಿಲ್ಲ. ಹೊಲದ ಗಡಿಗಲ್ಲುಗಳಿಗೆ ಕಬ್ಬಿಣದ ಗೂಟ ಹೊಡೆದು ಬಿಗಿದಿರುತ್ತಾರೆ. ಇಲ್ಲದಿದ್ದರೆ ಗಾಳಿ ಬೀಸಿದ ದಿನ ಅವು ಉರುಳಿಕೊಂಡು ಪಕ್ಕದ ಹೊಲಕ್ಕೆ ಹೋಗಿ ಅಣ್ಣತಮ್ಮಂದಿರಲ್ಲಿ ಜಗಳ ಹಚ್ಚುತ್ತವೆ. ಆಮೇಲೆ ಮತ್ತೆ ಭಾರ ಬರುತ್ತದೆ. ಅದಕ್ಕೂ ಹೊತ್ತುಗೊತ್ತಿಲ್ಲ. ಎಲೆಯಡಿಕೆ ಜಗಿದು ಉಗುಳುವಷ್ಟರಲ್ಲಿ ಬಂದದ್ದೂ ಉಂಟು, ಸಂಜೆ ಎಮ್ಮೆ ಹಿಂಡುವವರೆಗೆ ಬಾರದೆ ಉಳಿದದ್ದೂ ಉಂಟು. ಹಳ್ಳ ದಾಟಿ ಆಚೆ ಹೋಯಿತೆಂದರೆ ಮಾತ್ರ ಆ ಕಲ್ಲು ಎಲ್ಲ ಊರಿನ ಕಲ್ಲಿನಂತೆ ಬರೀ ಕಲ್ಲು.

ಊರು ಉಣ್ಣುವುದೇ ಈ ಹಗುರದಿಂದ. ಗುಡ್ಡದ ಬುಡದಲ್ಲಿ ಶಾಂತಗೌಡರ ಖಣಿ ಇದೆ. ನೆಲಕ್ಕೆ ಹಾಸುವ ಬಾಗಿಲಿನಷ್ಟು ಅಗಲದ ಫರಸಿ, ಮೆಟ್ಟಿಲ ಕಲ್ಲು, ತೊಲೆಯಷ್ಟು ಉದ್ದದ ಚಪ್ಪಡಿ ಎಲ್ಲ ಅಲ್ಲಿಂದ ಹೊರಗಿನ ಊರುಗಳಿಗೆ ಹೋಗುತ್ತವೆ. ಭಾರವಿದ್ದಾಗ ಕಲ್ಲು ಕಡಿಯುವುದು, ಹಗುರ ಬಂದಾಗ ಸಾಗಿಸಿ ಲಾರಿಗೆ ಹೇರುವುದು. ಬೇರೆ ಕಡೆ ಯಂತ್ರ ಎತ್ತುವ ಕಲ್ಲನ್ನು ನಮ್ಮಲ್ಲಿ ಒಬ್ಬಳು ಹೆಂಗಸು ತಲೆಯ ಮೇಲೆ ಸಿಂಬೆ ಇಟ್ಟುಕೊಂಡು ಹೊತ್ತೊಯ್ಯುತ್ತಿದ್ದಳು. ನಾನೂ ಹಾಗೆ ಹೊತ್ತವಳೇ. ಹಗುರ ಬಂತೆಂದರೆ ಸಾಕು, ಕಾಲಿಗೆ ಚಪ್ಪಲಿ ಸಿಕ್ಕಿತೋ ಇಲ್ಲವೋ ನೋಡದೆ ಓಡುತ್ತಿದ್ದೆವು. ಮೌಲಾಲಿ ಮೇಸ್ತ್ರಿ ದಾರಿಯ ಮಧ್ಯೆ ನಿಂತು, "ನಡೀರಿ, ನಡೀರಿ, ಹಗುರೇನು ನಿಮ್ಮಪ್ಪನ ಮನೀದಲ್ಲ" ಎಂದು ಎಲ್ಲರನ್ನೂ ಓಡಿಸುತ್ತಿದ್ದ. ಒಳ್ಳೆಯ ಮನುಷ್ಯ. ಕಲ್ಲನ್ನು ನೋಡಿದರೇ ಅದು ಎಲ್ಲಿ ಸೀಳುತ್ತದೆ ಎಂದು ಹೇಳಬಲ್ಲ. ಇಡೀ ಜನ್ಮದಲ್ಲಿ ಅವನ ಉಗುರಿಗೂ ಪೆಟ್ಟಾಗಿರಲಿಲ್ಲ. ಅದಕ್ಕೇ ಇರಬೇಕು, ಪೆಟ್ಟಾಗುವುದು ಮೈಮರೆತವರಿಗೆ ಮಾತ್ರ ಎಂದು ಅವನು ನಂಬಿಬಿಟ್ಟಿದ್ದ.

ನನ್ನ ಗಂಡ ಯಮನೂರಪ್ಪನ ಕಾಲು ಹೋದದ್ದು ಆ ಓಟದಲ್ಲೇ. ಲಾರಿಯ ಹಿಂದೆ ನಿಂತು ಮೇಲಿದ್ದವರಿಗೆ ಫರಸಿ ಎತ್ತಿ ಕೊಡುತ್ತಿದ್ದ. ಕೈಯಲ್ಲಿ ಹಿಡಿದಿದ್ದಾಗಲೇ ಭಾರ ಬಂತು. ಬಿಟ್ಟು ಹಿಂದಕ್ಕೆ ಜಿಗಿದರೂ ಬಲಗಾಲಿನ ಮುಂಭಾಗ ಸಿಕ್ಕಿಕೊಂಡಿತು. ಜೀವ ಉಳಿಯಿತು, ಕಾಲು ಅರ್ಧ ಉಳಿಯಿತು. ಈಗ ಮನೆಯ ಮುಂದಿನ ಕಟ್ಟೆಯ ಮೇಲೆ ಹೊಲಿಗೆ ಮಷಿನ್ ಇಟ್ಟುಕೊಂಡಿದ್ದಾನೆ. ಎಡಗಾಲೊಂದರಲ್ಲೇ ತುಳಿದು ಊರಿನ ಹೆಂಗಸರಿಗೆಲ್ಲ ಕುಪ್ಪಸ ಹೊಲಿಯುತ್ತಾನೆ. ಆಗ ಅವನನ್ನು ನೋಡಲು ಬಂದವರೆಲ್ಲ ಹಾಸಿಗೆಯ ಪಕ್ಕ ಕೂತು ಒಂದೇ ಮಾತು ಹೇಳಿ ಹೋಗುತ್ತಿದ್ದರು, "ಪಾಪ, ಎಚ್ಚರ ತಪ್ಪಿದ." ಖಣಿಯಲ್ಲಿ ಯಾರಿಗೆ ಏನಾದರೂ ಊರು ಅದನ್ನೇ ಹೇಳುತ್ತಿತ್ತು.

ಅದಾದ ಮೇಲೆ ಇನ್ನಿಬ್ಬರಿಗೆ ಪೆಟ್ಟಾಯಿತು, ನಾಲ್ಕಾರು ಮನೆಯವರು ಕೆಲಸ ಬಿಟ್ಟು ಹಳ್ಳದಾಚೆಯ ಹತ್ತಿ ಗಿರಣಿಗೆ ಹೊರಟರು. ಆಗ ಶಾಂತಗೌಡರು ನನ್ನನ್ನು ಕರೆದರು. "ಗುರುಬಾಳವ್ವಾ, ನಿನ್ನ ಮನ್ಯಾಗ ಆಗೇತಿ, ಅದರ ಬಿಸಿ ನಿನಗ ಗೊತ್ತೈತಿ. ಇನ್ನ ನೀ ಕಲ್ಲು ಹೊರೂದು ಬ್ಯಾಡ. ನಿಂತು ಎಲ್ಲಾರನೂ ನೋಡ್ಕೋ. ಯಾರಿಗೂ ಏನೂ ಆಗಬಾರದು."

"ಹೆಂಗ ನೋಡ್ಕೊಳ್ಳೂದ್ರಿ ಗೌಡ್ರ?"

"ಎಚ್ಚರ, ಎಚ್ಚರ ಅಂತ ಹೇಳ್ತಿರು. ನೀ ಹೇಳಿದ್ರ ಕೇಳ್ತಾರ."

ಹೇಳಿದೆ. ಹಗುರ ಬಂದಾಗಿನಿಂದ ಹೋಗುವವರೆಗೆ ಹೇಳಿದೆ. ಇಳಿಜಾರಿನಲ್ಲಿ ಎಚ್ಚರ, ಲಾರಿಯ ಹತ್ತಿರ ಎಚ್ಚರ, ತಿರುಗುವಾಗ ಎಚ್ಚರ. ಗಂಟಲು ಕಟ್ಟಿತು. ಮನೆಗೆ ಬಂದು ಮಾತಾಡಿದರೆ ಬೆಕ್ಕು ಕೂಗಿದಂತೆ ಕೇಳುತ್ತಿತ್ತು. ಜೊತೆಯಲ್ಲಿ ಕಲ್ಲು ಹೊರುತ್ತಿದ್ದ ನನ್ನ ಗೆಳತಿ ಫಕೀರವ್ವ ಒಂದು ದಿನ ತಲೆಯ ಮೇಲಿನ ಫರಸಿ ಇಳಿಸಿ ಹತ್ತಿರ ಬಂದಳು. "ಅಕ್ಕಾ, ಸಿಟ್ಟಾಗಬ್ಯಾಡ. ನೀ ಎಚ್ಚರ ಅಂದಕೂಡ್ಲೇ ನಾ ನಿನ್ನ ಕಡೆ ತಿರುಗಿ ನೋಡ್ತೀನಿ. ಆಗ ಕಲ್ಲಿನ ಕಡೆ ಯಾರು ನೋಡ್ಬೇಕು?" ಎಂದಳು. ನಾನು ನಗಲಿಲ್ಲ. ಸಿಟ್ಟೇ ಬಂದಿತ್ತು, ಆದರೆ ಅದನ್ನು ಹೇಳಲು ದನಿಯೇ ಇರಲಿಲ್ಲ.

ಆ ಸಂಜೆ ರೊಟ್ಟಿ ಬಡಿಯುತ್ತ ಗಂಡನ ಮುಂದೆ ಇದನ್ನೆಲ್ಲ ಹೇಳಿಕೊಂಡೆ. ಯಾರೂ ಎಚ್ಚರವಾಗಿ ಇರುವುದಿಲ್ಲ ಎಂದು ಬೈದೆ. ಅವನು ಸೂಜಿಗೆ ದಾರ ಪೋಣಿಸುತ್ತಿದ್ದವನು ನಿಲ್ಲಿಸಿದ. "ನಾ ಅವತ್ತು ಎಚ್ಚರ ಇದ್ದೆ" ಎಂದ.

"ಏನ್ರೀ?"

"ಎಚ್ಚರ ಇದ್ದೆ. ಇಡೀ ಊರು ಬಂದು ನನಗ ಎಚ್ಚರ ಇರಲಿಲ್ಲ ಅಂತ ಹೇಳಿ ಹೋತು. ಕಲ್ಲು ಎಷ್ಟು ಮ್ಯಾಲಿತ್ತು, ನೀ ಎಲ್ಲಿ ನಿಂತಿದ್ದಿ ಅಂತ ಒಬ್ಬರೂ ಕೇಳಲಿಲ್ಲ. ನೀನೂ ಕೇಳಲಿಲ್ಲ."

ತವೆಯ ಮೇಲಿನ ರೊಟ್ಟಿ ಹೊತ್ತುವ ವಾಸನೆ ಬಂದರೂ ನಾನು ತಿರುವಲಿಲ್ಲ. "ಎಲ್ಲಿತ್ರಿ ಕಲ್ಲು?" ಎಂದೆ.

"ಎದಿ ಮಟ. ಕಾಲು ಅದರ ಕೆಳಗ. ಬ್ಯಾರೆ ಎಲ್ಲಿ ಇಡ್ಲಿ? ಲಾರಿ ಎತ್ತರ ಐತಿ, ಕಲ್ಲು ಮ್ಯಾಲ ಹೋಗಬೇಕು, ಕೊಡಾಂವ ಕೆಳಗ ನಿಲ್ಲಬೇಕು. ದೇವರೇ ಬಂದು ಅಲ್ಲಿ ನಿಂತಿದ್ರೂ ಅವನ ಕಾಲೂ ಅಲ್ಲೇ ಇರ್ತಿತ್ತು." ಹೇಳಿ ಮತ್ತೆ ದಾರ ಪೋಣಿಸತೊಡಗಿದ. ಅವನ ದನಿಯಲ್ಲಿ ಯಾರ ಮೇಲೂ ಸಿಟ್ಟಿರಲಿಲ್ಲ. ನಾನು ಹೊತ್ತಿದ ರೊಟ್ಟಿಯನ್ನು ತೆಗೆದು ಪಕ್ಕಕ್ಕಿಟ್ಟೆ.

ಮಾರನೆಯ ದಿನದಿಂದ ನಾನು ಕೂಗುವುದನ್ನು ಬಿಟ್ಟೆ. ಗೌಡರು ಕಂಡರೆ ಏನಂದುಕೊಳ್ಳುತ್ತಾರೋ ಎಂಬ ಅಳುಕಿತ್ತು, ಆದರೂ ಸುಮ್ಮನೆ ನಿಂತು ಕಲ್ಲನ್ನೇ ನೋಡಿದೆ. ಎಲ್ಲಿಂದ ಏಳುತ್ತದೆ, ಯಾರ ತಲೆಯ ಮೇಲೆ ಹೋಗುತ್ತದೆ, ಎಲ್ಲಿ ಇಳಿಯುತ್ತದೆ. ಹಗುರ ಮುಗಿದ ಮೇಲೆ ಒಬ್ಬೊಬ್ಬರ ಹತ್ತಿರ ಹೋಗಿ, "ನಿಮಗ ಎಲ್ಲಿ ಹೆದರಿಕಿ ಆಗತೈತಿ?" ಎಂದು ಕೇಳತೊಡಗಿದೆ. ಗಂಡಸರು ನಕ್ಕರು. ಹೆದರಿಕೆಯೇ ಇಲ್ಲ ಎಂದವರೇ ಹೆಚ್ಚು. ಫಕೀರವ್ವ ಮಾತ್ರ ಯೋಚಿಸಿ, "ಇಳಿಜಾರಿನ್ಯಾಗ ನೋಡಕ್ಕಾ. ಮುಂದ ನಮ್ಮವ್ವನ ವಯಸ್ಸಿನ ಬಸವಂತವ್ವ ಹೊಂಟಿರ್ತಾಳ, ಹಿಂದ ನಾ. ನನ್ನ ತಲಿಮ್ಯಾಲಿನ ಕಲ್ಲು ಜಾರಿದ್ರ ಅಕಿ ಮ್ಯಾಲ ಬೀಳತೈತಿ. ದಿನಾ ಆ ಇಳಿಜಾರು ದಾಟೂತನಾ ನಾ ಉಸುರು ಬಿಡೂದಿಲ್ಲ" ಎಂದಳು. ಅವಳು ಹೇಳಿದ್ದೇ ತಡ, ಹೆದರಿಕೆ ಇಲ್ಲವೆಂದಿದ್ದ ಗಂಡಸರು ಒಬ್ಬೊಬ್ಬರಾಗಿ ಬಂದು ತಮ್ಮ ತಮ್ಮ ಜಾಗ ತೋರಿಸಿದರು. ಎಲ್ಲರಿಗೂ ಒಂದೊಂದು ಜಾಗವಿತ್ತು. ಎಲ್ಲವೂ ಕಲ್ಲು ಎತ್ತರದಲ್ಲಿರುವ ಜಾಗಗಳೇ.

ಹಾಗಾಗಿ ನಾನು ಮೌಲಾಲಿ ಮೇಸ್ತ್ರಿಗೆ ಹೇಳಿದೆ, ಇನ್ನು ಮೇಲೆ ಕಲ್ಲು ಮೊಣಕಾಲಿನಿಂದ ಮೇಲೆ ಏಳಬಾರದು. ತಲೆಯ ಮೇಲೆ ಬೇಡ, ದುಂಡನೆಯ ಮರದ ತುಂಡುಗಳನ್ನು ಹಾಸಿ ಅವುಗಳ ಮೇಲೆ ಉರುಳಿಸಿಕೊಂಡು ಹೋಗೋಣ, ತಳ್ಳುವವರು ಹಿಂದೆ ಮಾತ್ರ ಇರಲಿ. ಅವನು ಹಣೆ ಬಡಿದುಕೊಂಡ. "ದೇವರು ಹಗುರ ಮಾಡಿ ಕೊಟ್ಟಾನ, ನೀ ಮುದುಕಿ ಹಂಗ ನೆಲದ ಮ್ಯಾಲ ನೂಕಿಸ್ತೀಯಲ್ಲ!" ಆದರೂ ಇಳಿಜಾರಿನ ಮಾತು ಅವನ ಮನಸ್ಸಿಗೂ ಹೊಕ್ಕಿತ್ತು, ಮರದ ತುಂಡುಗಳನ್ನು ತರಿಸಿದ. ಮೊದಲ ಕೆಲವು ದಿನ ಕೆಲಸ ಬಹಳ ಹಿಂದೆ ಬಿತ್ತು. ಆಮೇಲೆ ಕೈಗೆ ಹದ ಸಿಕ್ಕಿತು. ನಾಲ್ಕು ಫರಸಿಗಳನ್ನು ಒಂದರ ಮೇಲೊಂದು ಪೇರಿಸಿ ಒಬ್ಬರೇ ತಳ್ಳಬಹುದೆಂದು ಕಂಡುಕೊಂಡವನು ಮೌಲಾಲಿಯೇ. ಆಮೇಲೆ ಉರುಳಿಸುವುದನ್ನೂ ಬಂದವರಿಗೆಲ್ಲ ತನ್ನದೇ ಯೋಚನೆ ಎಂಬಂತೆ ತೋರಿಸುತ್ತಿದ್ದ.

ಲಾರಿಯದು ಮಾತ್ರ ಬಗೆಹರಿಯಲಿಲ್ಲ. ಮೊಣಕಾಲೆತ್ತರದ ಕಲ್ಲು ಲಾರಿಗೆ ಹತ್ತಬೇಕಾದರೆ ಎತ್ತಲೇಬೇಕು, ಎತ್ತುವವರು ಕೆಳಗೆ ನಿಲ್ಲಲೇಬೇಕು. ಇದನ್ನೇ ಮಾತಾಡುತ್ತ ಬುತ್ತಿ ಬಿಚ್ಚಿಕೊಂಡು ಕೂತಿದ್ದೆವು. ಫಕೀರವ್ವ ಬಾಯಿ ತುಂಬ ಅನ್ನವಿಟ್ಟುಕೊಂಡೇ, "ಲಾರಿಗೆ ಕುಂದರಾಕ ಬಂದಿದ್ರ ಛೊಲೋ ಇತ್ತು, ಒಂಟೆ ಕುಂತಂಗ" ಎಂದಳು. ಎಲ್ಲರೂ ನಕ್ಕರು. ನಾನೂ ನಕ್ಕೆ. ಕೈ ತೊಳೆಯಲು ಎದ್ದು ಹೋದಾಗ ಆ ಮಾತು ತಲೆಯಲ್ಲಿ ತಿರುಗುತ್ತಲೇ ಇತ್ತು. ಲಾರಿ ಕೂರುವುದಿಲ್ಲ, ನಿಜ. ಅದನ್ನು ಗುಂಡಿಯಲ್ಲಿ ಇಳಿಸಿ ನಿಲ್ಲಿಸಬಹುದಲ್ಲ! ಇಳಿಜಾರಾಗಿ ಗುಂಡಿ ತೋಡಿ ಲಾರಿಯನ್ನು ಹಿಂದಕ್ಕೆ ಬಿಟ್ಟರೆ ಅದರ ಕಲ್ಲು ಹೇರುವ ಹಲಗೆ ನೆಲಕ್ಕೆ ಸಮ ಬರುತ್ತದೆ. ಆಗ ಕಲ್ಲನ್ನು ಯಾರೂ ಎತ್ತಬೇಕಿಲ್ಲ, ಹೊಸ್ತಿಲು ದಾಟಿಸಿದ ಹಾಗೆ ನೂಕಿದರೆ ಸಾಕು.

ಗೌಡರು ಒಪ್ಪಲಿಲ್ಲ. ಖಣಿಯ ನೆಲ ಎಲ್ಲ ಕಲ್ಲು, ಅದನ್ನು ತೋಡಬೇಕಾದರೆ ಎಷ್ಟೋ ದಿನದ ಹಗುರ ಅದಕ್ಕೇ ಹೋಗುತ್ತದೆ, ಅಷ್ಟು ದಿನ ಲಾರಿ ಖಾಲಿ ನಿಲ್ಲಬೇಕು. "ಈಗ ಅರ್ಧ ಸುಧಾರಿಸೇತಲ್ಲ, ಅಷ್ಟು ಸಾಕು" ಎಂದರು. ಆ ಹೊತ್ತಿಗೆ ಹಗುರವಿತ್ತು, ಲಾರಿಯ ಹಿಂದೆ ಒಬ್ಬ ಫರಸಿ ಎತ್ತಿ ಹಿಡಿದಿದ್ದ. "ಗೌಡ್ರ, ಅಂವ ನಿಂತಲ್ಲಿ ನೀವೊಮ್ಮೆ ನಿಂದರ್ರಿ. ಎಲಿ ಜಗಿಯೂತನಾ" ಎಂದುಬಿಟ್ಟೆ. ಮೌಲಾಲಿ ಹೌಹಾರಿದ. ಗೌಡರು ನನ್ನನ್ನು ನೋಡಿದರು, ಲಾರಿಯನ್ನು ನೋಡಿದರು, ಮೇಲುವಸ್ತ್ರ ತೆಗೆದು ಮೌಲಾಲಿಯ ಕೈಗೆ ಕೊಟ್ಟರು. ಹುಡುಗರಾಗಿದ್ದಾಗ ಅವರೂ ತಂದೆಯ ಕೈಕೆಳಗೆ ಕಲ್ಲು ಹೊತ್ತವರೇ, ಮರೆತುಹೋಗಿತ್ತು ಅಷ್ಟೆ. ಫರಸಿಯನ್ನು ಎರಡೂ ಕೈಯಲ್ಲಿ ಎದೆಯ ಮೇಲಕ್ಕೆ ಹಿಡಿದು ನಿಂತರು. ಕಾಗದದಷ್ಟು ಹಗುರವಾಗಿತ್ತು ಅದು. ಆದರೂ ಅವರ ಹಣೆಯಲ್ಲಿ ಬೆವರು ಕಾಣಿಸಿಕೊಂಡಿತು. ಕಣ್ಣು ಕೆಳಗೆ ಕಾಲಿನ ಕಡೆ ಹೋಯಿತು. ಕಾಲನ್ನು ಒಮ್ಮೆ ಈಚೆ ಸರಿಸಿದರು, ಒಮ್ಮೆ ಆಚೆ. ಎಲ್ಲಿ ಇಟ್ಟರೂ ಅದು ಕಲ್ಲಿನ ಕೆಳಗೇ ಇತ್ತು. ಎಲೆ ಜಗಿಯುವಷ್ಟು ಹೊತ್ತು ಅವರು ನಿಲ್ಲಲಿಲ್ಲ. ಫರಸಿಯನ್ನು ಮೆಲ್ಲಗೆ ನೆಲಕ್ಕೊರಗಿಸಿ ಮೌಲಾಲಿಯ ಕೈಯಿಂದ ಮೇಲುವಸ್ತ್ರ ಇಸಿದುಕೊಂಡು ಮುಖ ಒರೆಸಿಕೊಂಡು, "ಎಲ್ಲಿ ತೋಡಬೇಕಂತಿ?" ಎಂದರು.

ಗುಂಡಿ ಆಯಿತು. ಭಾರವಿದ್ದಾಗ ಬಂಡೆಗಳನ್ನು ತುಂಡು ಮಾಡಿ, ಹಗುರ ಬಂದಾಗ ಹತ್ತಿಯ ಮೂಟೆ ನೂಕಿದ ಹಾಗೆ ಹೊರಗೆ ನೂಕಿದೆವು. ಲಾರಿಯ ಡ್ರೈವರು ಮೊದಲ ಸಲ ಹಿಂದಕ್ಕೆ ಇಳಿಸುವಾಗ, "ಇದು ಹೊಳ್ಳಿ ಏರದಿದ್ರ ನಾ ಇಲ್ಲೇ ಮನಿ ಕಟ್ಟಬೇಕು" ಎಂದು ಗೊಣಗಿದ. ಏರಿತು. ಭಾರ ಬಂದ ಮೇಲೆಯೇ ಲಾರಿ ಬಿಡುವುದು ಎಂದು ಇನ್ನೊಂದು ಕಟ್ಟಳೆ ಮಾಡಿಕೊಂಡೆವು. ಹಗುರವಿದ್ದಾಗ ಎಷ್ಟು ಹೇರಿದ್ದೇವೆ ಎಂಬುದು ಲಾರಿಗೂ ಗೊತ್ತಾಗುವುದಿಲ್ಲ.

ಗುಂಡಿ ಮುಗಿದು ಹೆಚ್ಚು ದಿನವಾಗಿರಲಿಲ್ಲ. ಒಂದು ದೊಡ್ಡ ಚಪ್ಪಡಿಯನ್ನು ಲಾರಿಗೆ ದಾಟಿಸುತ್ತಿದ್ದರು. ಅರ್ಧ ಲಾರಿಯ ಮೇಲಿತ್ತು, ಅರ್ಧ ನೆಲದ ಮೇಲಿನ ಮರದ ತುಂಡುಗಳ ಮೇಲೆ. ಫಕೀರವ್ವ ಮತ್ತೆ ನಾಲ್ವರು ಹಿಂದಿನಿಂದ ನೂಕುತ್ತಿದ್ದರು. ಭಾರ ಬಂತು. ಲಾರಿ ನರಳಿತು, ಮರದ ತುಂಡುಗಳು ಪಟಪಟನೆ ಸೀಳಿದವು, ಚಪ್ಪಡಿ ಗೇಣಿನಷ್ಟು ಕುಸಿದು ನಟ್ಟನಡುವೆ ಒಡೆಯಿತು. ಧೂಳು ಎದ್ದಿತು. ಧೂಳು ಇಳಿದಾಗ ಐವರೂ ನಿಂತ ಜಾಗದಲ್ಲೇ ನಿಂತು ತಂತಮ್ಮ ಪಾದಗಳನ್ನು ನೋಡಿಕೊಳ್ಳುತ್ತಿದ್ದರು. ಫಕೀರವ್ವನ ಕೈಬಳೆ ಒಡೆದಿದ್ದವು, ಅಷ್ಟೆ. ಮೌಲಾಲಿ ಓಡಿ ಬಂದು ಒಬ್ಬೊಬ್ಬರ ಭುಜ ಮುಟ್ಟಿ ಮುಟ್ಟಿ ನೋಡಿದ. ಅಷ್ಟರಲ್ಲಿ ಗೌಡರು ಬಂದರು.

"ಏನಾತು? ಯಾರಿಗೆ ಬಡೀತು?"

"ಕಲ್ಲಿಗ್ರಿ" ಎಂದಳು ಫಕೀರವ್ವ.

ಗೌಡರು ಒಡೆದ ಚಪ್ಪಡಿಯ ಸುತ್ತ ಒಂದು ಸುತ್ತು ಬಂದರು. "ಹೋಗ್ಲಿ ಬಿಡು, ಗುಡ್ಡ ತುಂಬ ಕಲ್ಲೈತಿ" ಎಂದರು. ಆ ಸಂಜೆ ಯಮನೂರಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವನು ಮರದ ತುಂಡುಗಳು ಎಲ್ಲಿದ್ದವು, ಕಲ್ಲು ಎಷ್ಟು ಎತ್ತರದಲ್ಲಿತ್ತು, ಯಾರು ಎಲ್ಲಿದ್ದರು ಎಂದು ಬಿಡಿಸಿ ಬಿಡಿಸಿ ಕೇಳಿದ. ಆಮೇಲೆ ಮಷಿನ್ ಮೇಲೆ ಬಟ್ಟೆ ಹೊದಿಸಿ, ಇವತ್ತು ಹೊಲಿಯುವುದು ಸಾಕೆಂದು ಹೇಳಿ ಉಣ್ಣಲು ಕೂತ. ಅವನು ಅಷ್ಟು ಹೊಟ್ಟೆತುಂಬ ಉಂಡದ್ದನ್ನು ನಾನು ಬಹಳ ದಿನಗಳಿಂದ ನೋಡಿರಲಿಲ್ಲ.

ಆದರೂ ನನಗೆ ಸಮಾಧಾನವಿರಲಿಲ್ಲ. ಮೊಣಕಾಲಿನ ಕೆಳಗೂ ಬೆರಳುಗಳಿರುತ್ತವೆ. ಭಾರ ಬರುವ ಮುಂಚೆ ಕೆಲವರಿಗೆ ಏನೋ ಒಂದು ಅನಿಸುತ್ತದೆ ಎನ್ನುತ್ತಾರೆ. ಅನಿಸಿದಾಗೆಲ್ಲ ಬರುತ್ತದೆಂದಿಲ್ಲ, ಬಂದಾಗೆಲ್ಲ ಅನಿಸುತ್ತದೆಂದೂ ಇಲ್ಲ. ಆವರೆಗೆ ಕೆಲಸ ನಿಲ್ಲಿಸಿ ಎನ್ನುವ ಹಕ್ಕು ಮೇಸ್ತ್ರಿಯೊಬ್ಬನಿಗಿತ್ತು. ನಾನು ಗೌಡರಲ್ಲಿ ಕೇಳಿಕೊಂಡೆ, ಯಾರಿಗೆ ಅನಿಸಿದರೂ "ಬಿಡ್ರಿ" ಎಂದು ಕೂಗಲಿ. ಕೂಗಿದ ಕೂಡಲೇ ಎಲ್ಲರೂ ಕೈಬಿಟ್ಟು ದೂರ ಸರಿಯಲಿ. ಭಾರ ಬಂದು ಹೋಗುವವರೆಗೆ ಯಾರೂ ಕಲ್ಲು ಮುಟ್ಟದಿರಲಿ. ಯಾಕೆ ಕೂಗಿದೆ ಎಂದು ಕೂಗಿದವರನ್ನು ಯಾರೂ ಕೇಳದಿರಲಿ. ಮೌಲಾಲಿಗೆ ಇದು ಸುತರಾಂ ಸರಿಬರಲಿಲ್ಲ. "ಕೇಳೂದೇ ಬ್ಯಾಡ ಅಂದ್ರ ದಣಿದಾಂವ ಒದರ್ತಾನ, ಚಾ ಬೇಕಾದಾಂವ ಒದರ್ತಾನ. ಕಡೀಕ ಯಾರು ಒದರಿದ್ರೂ ಯಾರೂ ಸರಿಯೂದಿಲ್ಲ" ಎಂದ. ಅವನ ಮಾತಿನಲ್ಲೂ ಹುರುಳಿತ್ತು. ಗೌಡರು, "ಆಗಲಿ, ಕೆಲವು ದಿನ ಮಾಡಿ ನೋಡೂಣು" ಎಂದರು.

ಮೊದಲು ಕೂಗಿದವನು ದುರಗಪ್ಪ. ಹಳ್ಳದಾಚೆಯಿಂದ ಹೊಸದಾಗಿ ಬಂದಿದ್ದ, ಆನೆಯಂಥ ಆಳು. ಹಗುರವನ್ನು ಎಂದೂ ಕಂಡವನಲ್ಲ. ಮೊದಲ ದಿನ ಬಾಗಿಲಿನಷ್ಟು ಫರಸಿ ಬೆರಳಲ್ಲಿ ಎದ್ದಾಗ ಮಕ್ಕಳ ಹಾಗೆ ನಕ್ಕಿದ್ದ, ಭಾರ ಬಂದದ್ದನ್ನು ನೋಡಿದ ಮೇಲೆ ನಗುವುದನ್ನು ಬಿಟ್ಟಿದ್ದ. ಅವತ್ತು ಮೋಡ ಕವಿದಿತ್ತು, ಎರಡು ಲಾರಿ ಕಾಯುತ್ತಿದ್ದವು, ಎಲ್ಲರೂ ಅವಸರದಲ್ಲಿದ್ದರು. ಇದ್ದಕ್ಕಿದ್ದ ಹಾಗೆ ದುರಗಪ್ಪ "ಬಿಡ್ರಿ!" ಎಂದ. ಅಷ್ಟು ದೊಡ್ಡ ಮೈಯಿಂದ ಅಷ್ಟು ಸಣ್ಣ ದನಿ. ಎಲ್ಲರೂ ಕೈಬಿಟ್ಟು ಸರಿದರು. ಕಾದೆವು. ಭಾರ ಬರಲಿಲ್ಲ. ಕೂತು ಕಾದೆವು. ಹಗುರ ಅವತ್ತೇ ಎಂದಿಗಿಂತ ಹೆಚ್ಚು ಹೊತ್ತು ನಿಂತಿತು. ಮಳೆ ಬಂತು, ಲಾರಿಗಳು ಖಾಲಿ ನಿಂತವು, ಒದ್ದೆಯಾಗುತ್ತ ಎಲ್ಲರೂ ದುರಗಪ್ಪನ ಕಡೆ ನೋಡುತ್ತಿದ್ದರು.

ಮೌಲಾಲಿಗೆ ತಡೆಯಲಾಗಲಿಲ್ಲ. "ಯಾಕ ಒದರಿದಿ?"

"ಗೊತ್ತಿಲ್ರಿ ಮೇಸ್ತ್ರಿ. ಕೈಯಾಗ ಏನೋ ನಡುಗಿದಂಗಾತು."

"ನಿನ್ನ ಕೈ ನಡುಗಿದ್ರ ಊರ ಹಗುರೆಲ್ಲಾ ಹಾಳಾಗಬೇಕೇನು?"

"ಮೇಸ್ತ್ರಿ, ಕೇಳಂಗಿಲ್ಲ ಅಂತ ಮಾತಾಗೇತಿ" ಎಂದೆ ನಾನು.

"ನೀ ಸುಮ್ಮನಿರು. ಇಂವ ಇಲ್ಲಿ ಇದ್ರ ನಾ ಇರೂದಿಲ್ಲ."

ದುರಗಪ್ಪ ಒದ್ದೆಯಾದ ಟವೆಲ್ಲು ಹಿಂಡಿ ಹೆಗಲಿಗೆ ಹಾಕಿಕೊಂಡು ಹಳ್ಳದ ದಾರಿ ಹಿಡಿದ. ನಾನು ಅವನ ಹಿಂದೆ ಓಡಿ ಅಡ್ಡ ನಿಂತೆ. ಅಲ್ಲಿಂದಲೇ ಛಾವಣಿಯ ಕೆಳಗಿದ್ದ ಗೌಡರ ಕಡೆ ತಿರುಗಿ, "ಗೌಡ್ರ, ಇವನ್ನ ಕಳಿಸಿದ್ರ ನಾಳಿಂದ ಯಾರೂ ಒದರೂದಿಲ್ಲ. ಖರೇ ಭಾರ ಬರೂ ಮುಂದೂ ಒದರೂದಿಲ್ಲ. ಯಾರ್ಯಾಕ, ನಾನೇ ಒದರೂದಿಲ್ಲ. ನನಗೂ ನಾಚಿಕಿ ಐತಿ" ಎಂದೆ. ಹೇಳುವಾಗ ಅಳು ಬಂದಿತ್ತು, ಮಳೆಯಲ್ಲಿ ಯಾರಿಗೂ ಕಾಣಲಿಲ್ಲ. ಗೌಡರು ಖಾಲಿ ಲಾರಿಗಳನ್ನು ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ದುರಗಪ್ಪನನ್ನು ಕರೆದು ತಮ್ಮ ಪಕ್ಕದಲ್ಲಿ ಛಾವಣಿಯ ಕೆಳಗೆ ಕೂರಿಸಿಕೊಂಡು, ಫಕೀರವ್ವನಿಗೆ ಹೇಳಿ ಎಲ್ಲರಿಗಿಂತ ಮೊದಲು ಅವನ ಕೈಗೆ ಚಾ ಕೊಡಿಸಿದರು. ಮೌಲಾಲಿಯೂ ಖಣಿ ಬಿಟ್ಟು ಹೋಗಲಿಲ್ಲ. ಆದರೆ ನನ್ನ ಜೊತೆ ಮಾತು ಬಿಟ್ಟ. ನಾನು ಎದುರಿಗೇ ನಿಂತಿದ್ದರೂ, "ಫಕೀರವ್ವಾ, ಅಕಿಗೆ ಹೇಳು, ಆ ಮರದ ತುಂಡು ಸವದಾವ ಅಂತ" ಎನ್ನುತ್ತಿದ್ದ. "ಫಕೀರವ್ವಾ, ಅವರಿಗೆ ಹೇಳು, ಬ್ಯಾರೆ ತರಿಸೀನಂತ" ಎಂದು ನಾನೂ ಅನ್ನುತ್ತಿದ್ದೆ. ಫಕೀರವ್ವ ಇಬ್ಬರ ಮಧ್ಯೆ ನಿಂತು ನಗುತ್ತಿದ್ದಳು.

ಹೀಗಿರುವಾಗ ದೂರದ ಊರೊಂದರ ಸೇತುವೆಗೆ ಕಲ್ಲು ಹೋಗುವುದಿತ್ತು. ಅಂಥ ಉದ್ದದ ಚಪ್ಪಡಿಗಳನ್ನು ನಮ್ಮ ಖಣಿಯಲ್ಲಿ ಯಾರೂ ಕಡಿದಿರಲಿಲ್ಲ. ಒಂದೂ ಸೀಳದ ಹಾಗೆ ಮೌಲಾಲಿ ಮಗುವಿಗೆ ನೀರೆರೆದಂತೆ ಜೋಪಾನವಾಗಿ ಕಡಿಸಿದ. ಕೊನೆಯ ಚಪ್ಪಡಿ ಹೊರಡುವ ದಿನ ಆ ಊರಿನ ಹಿರಿಯರು ಕೆಲವರು ನೋಡಲು ಬಂದರು. ಗೌಡರು ಹೊಸ ಮೇಲುವಸ್ತ್ರ ಹೊದ್ದಿದ್ದರು. ಹಗುರ ಬಂತು. ಚಪ್ಪಡಿಯ ಹಿಂದೆ ಖಣಿಯವರೆಲ್ಲ ಕೈಹಚ್ಚಿ ನಿಂತರು. ಮೌಲಾಲಿ ಬದಿಗೆ ನಿಂತು ದನಿಯೆತ್ತಿ ಹೇಳಿಕೊಡುತ್ತಿದ್ದ. ಇಷ್ಟಿಷ್ಟೇ ನೂಕಿ ಗುಂಡಿಯ ಅಂಚಿನವರೆಗೆ ತಂದಿದ್ದರು. ಬಂದ ಹಿರಿಯರು ಬೆರಗಾಗಿ ನೋಡುತ್ತಿದ್ದರು. ಮೌಲಾಲಿಯ ಮುಖದಲ್ಲಿ ಹೆಮ್ಮೆ ಹೊಳೆಯುತ್ತಿತ್ತು. ಅಷ್ಟರಲ್ಲಿ ಅವನ ಮುಖ ಬದಲಾಯಿತು. ಬಾಯಿ ತೆರೆದ, ಮುಚ್ಚಿದ. ಗೌಡರ ಕಡೆ ನೋಡಿದ, ಹಿರಿಯರ ಕಡೆ ನೋಡಿದ. ಅವನೊಳಗೆ ಏನು ನಡೆಯುತ್ತಿದೆ ಎಂದು ನನಗೆ ಅಲ್ಲಿಂದಲೇ ಕಾಣುತ್ತಿತ್ತು. ನಾನೇ ಕೂಗಿಬಿಡಲೇ ಅಂದುಕೊಂಡೆ. ಅಷ್ಟರಲ್ಲಿ ಅವನೇ ಗಂಟಲು ಹರಿಯುವ ಹಾಗೆ ಕೂಗಿದ:

"ಬಿಡ್ರಿ!"

ಎಲ್ಲರೂ ಕೈಬಿಟ್ಟು ದೂರ ಸರಿದರು. ಎಲ್ಲರಿಗಿಂತ ಮೊದಲು ಸರಿದವನು ದುರಗಪ್ಪ. ಸರಿಯುತ್ತ ಪಕ್ಕದಲ್ಲಿದ್ದ ಇಬ್ಬರನ್ನು ಎಳೆದುಕೊಂಡೇ ಹೋದ. ಚಪ್ಪಡಿ ಗುಂಡಿಯ ಅಂಚಿನಲ್ಲಿ ಒಂಟಿಯಾಗಿ ಉಳಿಯಿತು. ಗಾಳಿ ಬೀಸಿದರೆ ಅದು ಮೆಲ್ಲಗೆ ಅಲುಗುತ್ತಿತ್ತು, ಒಣಹಾಕಿದ ಧೋತರದಂತೆ. ಭಾರ ಬರಲಿಲ್ಲ. ಹಿರಿಯರಲ್ಲಿ ಒಬ್ಬರು, "ಯಾಕ ನಿಲ್ಲಿಸಿದ್ರಿ? ಇನ್ನೇನು ಮುಗೀತಿತ್ತಲ್ಲ" ಎಂದರು. ಗೌಡರು ಅವರಿಗೆ ನಮಸ್ಕಾರ ಮಾಡಿ, "ನಮ್ಮಲ್ಲಿ ಅದನ್ನ ಕೇಳೂದಿಲ್ರಿ. ಬರ್ರಿ, ಮನ್ಯಾಗ ಊಟ ಆಗೇತಿ" ಎಂದು ಕರೆದುಕೊಂಡು ಹೋದರು.

ಮೌಲಾಲಿ ಹುಣಸೆಮರದ ಕೆಳಗೆ ಒಬ್ಬನೇ ಹೋಗಿ ಕೂತ. ಮಧ್ಯಾಹ್ನವಾಯಿತು. ಉಂಡೆವು. ಹಗುರ ಹಾಗೆಯೇ ಇತ್ತು. ಅವನು ಬುತ್ತಿ ಬಿಚ್ಚಲಿಲ್ಲ. ಚಪ್ಪಡಿಯ ಮೇಲೆ ಗುಬ್ಬಿ ಕೂತರೂ ತಿರುಗಿ ನೋಡುತ್ತಿದ್ದ. ನಾನು ಹೋಗಿ ಅವನಿಂದ ಸ್ವಲ್ಪ ದೂರ ಕೂತೆ. ಫಕೀರವ್ವ ಅಲ್ಲಿರಲಿಲ್ಲ, ಹಾಗಾಗಿ ಬಹಳ ಹೊತ್ತು ಇಬ್ಬರೂ ಸುಮ್ಮನಿದ್ದೆವು. ಕೊನೆಗೆ ಅವನೇ, ನೆಲ ನೋಡುತ್ತ, "ಕುತ್ತಿಗಿ ಹಿಂದ ಏನೋ ಅನಿಸ್ತು, ಗುರುಬಾಳವ್ವ. ಸೊಳ್ಳಿ ಕಡದಿದ್ರೂ ಕಡದಿರಬೇಕು" ಎಂದ.

"ಸೊಳ್ಳಿ ಕಡದ್ರೂ ಒದರ್ರಿ ಮೇಸ್ತ್ರಿ."

ಅವನು ತಲೆಯೆತ್ತಿ ನನ್ನನ್ನು ನೋಡಿದ. ಮೊದಲು ತುಟಿ ಅಲುಗಿತು, ಆಮೇಲೆ ಹೊಟ್ಟೆ. ನಗತೊಡಗಿದವನು ನಿಲ್ಲಿಸಲಾರದೆ ಮರಕ್ಕೆ ಒರಗಿಕೊಂಡ. ದೂರದಲ್ಲಿದ್ದವರು ಏನಾಯಿತೆಂದು ಎದ್ದು ಬಂದರು. ದುರಗಪ್ಪ ಎಲ್ಲರ ಹಿಂದೆ ನಿಂತಿದ್ದ. ಮೌಲಾಲಿ ಕಣ್ಣೊರೆಸಿಕೊಂಡು ಅವನನ್ನು ಹತ್ತಿರ ಕರೆದು, ತನ್ನ ಬುತ್ತಿ ಬಿಚ್ಚಿ, "ಕುಂದರಪಾ. ಒಬ್ಬಾಂವಗ ಉಣ್ಣಾಕ ಆಗವಲ್ಲದು" ಎಂದ. ಇಬ್ಬರೂ ಒಂದೇ ಬಟ್ಟೆಯ ಮೇಲೆ ರೊಟ್ಟಿ ಇಟ್ಟುಕೊಂಡು ಉಂಡರು. ದುರಗಪ್ಪನಿಗೇ ಹೆಚ್ಚು ಹೋಯಿತು.

ಬಿಸಿಲು ಇಳಿಯುವ ಹೊತ್ತಿಗೆ ಭಾರ ಬಂತು. ನಾವೆಲ್ಲ ಮರದ ಕೆಳಗಿದ್ದೆವು. ಚಪ್ಪಡಿ ದುಮ್ಮೆಂದು ಮರದ ತುಂಡುಗಳ ಮೇಲೆ ಕೂತಿತು, ನೆಲ ಸ್ವಲ್ಪ ಅದುರಿತು, ಗುಬ್ಬಿಗಳು ಹಾರಿದವು. ಕಲ್ಲಿಗೂ ಏನೂ ಆಗಿರಲಿಲ್ಲ. ನಾಳೆ ಮತ್ತೆ ನೂಕಿದರಾಯಿತು ಎಂದು ಎಲ್ಲರೂ ಬುತ್ತಿ ಗಂಟು ಎತ್ತಿಕೊಂಡೆವು. ಆಗಲೇ ಗೌಡರೂ ಹಿರಿಯರೂ ಊಟ, ನಿದ್ದೆ ಮುಗಿಸಿ ಮರಳಿ ಬಂದರು. ಅದೇ ಹಿರಿಯರು ಚಪ್ಪಡಿ ಇದ್ದಲ್ಲೇ ಇದ್ದುದನ್ನು ಕಂಡು, "ಇಷ್ಟೊತ್ತನಕ ಏನಾತ್ರಿ?" ಎಂದು ಕೇಳಿದರು.

ಗೌಡರು ನಮ್ಮ ಕಡೆ ನೋಡಿದರು. ಒಬ್ಬೊಬ್ಬರನ್ನೇ ನೋಡಿದರು. ಆಮೇಲೆ ಮಗಳ ಮದುವೆ ನಿಶ್ಚಯವಾಯಿತೆಂದು ಹೇಳುವವರಂಥ ಮುಖದಲ್ಲಿ ಆ ಹಿರಿಯರ ಕಡೆ ತಿರುಗಿ, "ಏನೂ ಆಗಲಿಲ್ರಿ" ಎಂದರು.